ಸಹಾಯ ಬೇಕು: ಕೂಲಿಂಗ್ ಇರುವ ಶೇಕರ್ (ಫ್ಲಾಸ್ಕ್ ಅಲುಗಾಡಿಸುವ ಯಂತ್ರ), ಒಂದೇ ರಾತ್ರಿಗೆ

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಎಂ.ಎಸ್ಸಿ ಕೊನೇ ವರ್ಷದ ಪ್ರಾಜೆಕ್ಟ್ ಮಾಡ್ತಿದ್ದೇನೆ. ಹೊರಗಿನಿಂದ ಬಂದ ಬೆಳವಣಿಗೆಯ ಸಂದೇಶವನ್ನು ಜೀವಕೋಶದ ಒಳಗೆ ದಾಟಿಸುವ ಜಿಆರ್‌ಬಿ2 ಪ್ರೋಟೀನ್ ನನ್ನ ವಿಷಯ. ಆ ಸಂದೇಶ ಹಿಡಿಯುವ, ಕೋಶದ ಹೊರಪೊರೆಯ ಇಜಿಎಫ್ ರಿಸೆಪ್ಟರ್‌ನ ಟೈರೋಸಿನ್ ಎಂಬ ಅಮೈನೋ ಆಮ್ಲದ ಮೇಲೆ ಫಾಸ್ಫೇಟ್ ಕೂತಾಗ ಇದರ ಎಸ್‌ಎಚ್2 ಭಾಗ ಅಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎಷ್ಟು ಸಲ ಓದಿದರೂ ನನಗೆ ಬೆರಗು. ಅದನ್ನೇ ಪುಲ್‌ಡೌನ್ ಮಾಡಿ (ಒಂದು ಪ್ರೋಟೀನನ್ನು ಬೀಡ್ಸ್ ಎಂಬ ಸಣ್ಣ ಮಣಿಗಳಿಗೆ ಅಂಟಿಸಿ, ಅದು ಹಿಡಿದ ಇನ್ನೊಂದನ್ನು ಎಳೆದು ತೆಗೆದು) ತೋರಿಸಬೇಕು.

ಗ್ಲುಟಾಥಯೋನ್ ಬೀಡ್ಸ್‌ಗೆ ಅಂಟುವ ಜಿಎಸ್‌ಟಿ ಎಂಬ ಪ್ರೋಟೀನ್ ಜೋಡಿಸಿದ ಆ ಎಸ್‌ಎಚ್2 ಭಾಗವನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸಿದೆ. ಜೆಲ್‌ನಲ್ಲಿ 38 ಕಿಲೋಡಾಲ್ಟನ್ ಹತ್ತಿರ ದಪ್ಪ ಪಟ್ಟಿ ಬಂತು. ಆದರೆ ಕೋಶ ಒಡೆದು ಸೆಂಟ್ರಿಫ್ಯೂಜ್ ಮಾಡಿದರೆ ಪ್ರೋಟೀನ್ ಎಲ್ಲಾ ತಳದ ಗಸಿಯಲ್ಲೇ, ಸರಿಯಾಗಿ ಮಡಚಿಕೊಳ್ಳದೆ ಗಂಟುಕಟ್ಟಿದಂತಿದೆ. ಮೇಲಿನ ತಿಳಿಯಲ್ಲಿ ಏನೂ ಇಲ್ಲ. ಮೂರು ಸಲವೂ ಹೀಗೇ ಆಯ್ತು. ಪ್ರೋಟೀನ್ ತಯಾರಿ ಶುರುಮಾಡಿಸುವ ಐಪಿಟಿಜಿಯನ್ನು 1ರಿಂದ 0.1 ಮಿಲಿಮೋಲಾರ್‌ಗೆ ಇಳಿಸಿಯೂ ನೋಡಿದೆ.

18 ಡಿಗ್ರಿಯಲ್ಲಿ ರಾತ್ರಿಯಿಡೀ ನಿಧಾನವಾಗಿ ತಯಾರಾದರೆ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳಬಹುದು, ಅಲ್ವಾ? ನಮ್ಮ ಶೇಕರ್ ಬಿಸಿ ಮಾತ್ರ ಮಾಡುತ್ತದೆ. ಈ ಬಿಸಿಲಿಗೆ ರೂಮು ರಾತ್ರಿಯೂ ತಣ್ಣಗಾಗಲ್ಲ.

ಬಳ್ಳಾರಿ, ಕೊಪ್ಪಳದಲ್ಲಿ ಯಾರ ಹತ್ತಿರವಾದರೂ ಕೂಲಿಂಗ್ ಶೇಕರ್ ಇದೆಯಾ? ರಾಯಚೂರು ಕೃಷಿ ವಿವಿ ಕಡೆಯವರು ಇಲ್ಲಿದ್ದೀರಾ? 200 ಎಂಎಲ್‌ನ ಒಂದೇ ಫ್ಲಾಸ್ಕ್. ಮೀಡಿಯಾ, ಆಂಟಿಬಯೋಟಿಕ್ ಎಲ್ಲಾ ನಾನೇ ತರ್ತೇನೆ. ಬೆಳಗಿನ ಮೊದಲ ಬಸ್ಸಿಗೇ ಬರ್ತೇನೆ.

ಗಸಿಯಿಂದ ಸಾರ್ಕೋಸಿಲ್ ಎಂಬ ಡಿಟರ್ಜೆಂಟ್ ಹಾಕಿ ಜಿಎಸ್‌ಟಿ ಪ್ರೋಟೀನ್ ಬಿಡಿಸಿದವರಿದ್ದರೆ, ಆಮೇಲೆ ಗ್ಲುಟಾಥಯೋನ್ ಬೀಡ್ಸ್‌ಗೆ ಅಂಟಿತಾ ಅಂತ ದಯವಿಟ್ಟು ತಿಳಿಸಿ.