ಊರು ಬಿಡಲ್ಲ ಅಂದ ಹುಡುಗಿಗೆ ಓದುಗರು ಹೇಳಿದ್ದು

ಹೋದ ಸಲ ದಾವಣಗೆರೆಯ 29 ವರ್ಷದ ಓದುಗರೊಬ್ಬರು ತಮ್ಮ ಕಷ್ಟ ಬರೆದಿದ್ದರು. ಹುಟ್ಟಿದ್ದು ನಿಟ್ಟುವಳ್ಳಿ, ಎಂ.ಕಾಂ.ವರೆಗೆ ಓದಿದ್ದು ಇದೇ ಊರು, ಕೆಲಸ ಪಿ.ಜೆ. ಬಡಾವಣೆಯ ಒಂದು ಆಡಿಟರ್ ಆಫೀಸಿನಲ್ಲಿ. ತಮ್ಮ ಪುಣೆಯಲ್ಲಿದ್ದಾನೆ. ನೋಡಲು ಬರುವ ಗಂಡುಗಳೆಲ್ಲ ಬೆಂಗಳೂರಿನವರೇ. "ನೀವೇ ದಾವಣಗೆರೆಗೆ ಬರಬಹುದಲ್ಲ" ಎಂದು ಒಬ್ಬ ಹುಡುಗನನ್ನು ಕೇಳಿದ್ದಕ್ಕೆ ಎರಡೂ ಮನೆಯವರು ಕಾಫಿ ಲೋಟ ಕೆಳಗಿಟ್ಟು ಸುಮ್ಮನಾದರಂತೆ. ಅತ್ತ ಬೆಂಗಳೂರಿನ ಒಂದು ಕಂಪನಿ ಜಾಸ್ತಿ ಸಂಬಳಕ್ಕೆ ಕರೆಯುತ್ತಿದೆ. "ನನಗೆ ಇಲ್ಲೇ ಇರೋದು ಇಷ್ಟ. ಆದರೆ ಇದು ಇಷ್ಟಾನಾ ಹೆದರಿಕೆನಾ ಅಂತ ನನಗೇ ಗೊತ್ತಾಗ್ತಿಲ್ಲ" ಎಂದು ಪತ್ರ ಮುಗಿಸಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಮಗಳೇ, ನಾನು ಹೊಸದುರ್ಗದ ಕಡೆಯವಳು. 1985ರಲ್ಲಿ ಮದುವೆಯಾಗಿ ದಾವಣಗೆರೆಗೆ ಬಂದೆ. ಆಗ ನನ್ನನ್ನು ಯಾರೂ "ಊರು ಬಿಡ್ತೀಯಾ?" ಎಂದು ಕೇಳಲಿಲ್ಲ. ನಮ್ಮಣ್ಣ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೊರಟಾಗ ಮನೆಯಲ್ಲಿ ಮೂರು ದಿನ ಚರ್ಚೆ ನಡೆದಿತ್ತು, ತೋಟ ಯಾರು ನೋಡ್ತಾರೆ, ಊಟಕ್ಕೆ ಏನು ಮಾಡ್ತಾನೆ, ಹಿಡಿಸದಿದ್ದರೆ ವಾಪಸ್ ಬಂದುಬಿಡು ಅಂತೆಲ್ಲ. ನನಗೆ ಉಡಿ ತುಂಬಿ ಕಳಿಸಿದರು, ಅಷ್ಟೇ. ಹಿಡಿಸದಿದ್ದರೆ ಬಾ ಅಂತ ಯಾರು ಹೇಳುತ್ತಾರೆ? ನಿನ್ನ ಪತ್ರ ಓದಿ ಮೊದಲು ನೆನಪಾಗಿದ್ದು ಇದೇ. ನಿನ್ನ ವಯಸ್ಸಿನ ಗಂಡು ಹುಡುಗ ಇಲ್ಲೇ ಇರ್ತೀನಿ ಅಂದಿದ್ದರೆ "ಅಪ್ಪ ಅಮ್ಮನನ್ನು ನೋಡ್ಕೊಳ್ಳೋ ಮಗ" ಅಂತ ಹೊಗಳುತ್ತಿದ್ದರು, ಅಲ್ವಾ? ನೀನು ಅದನ್ನೇ ಹೇಳಿದರೆ ಲೋಟ ಕೆಳಗಿಡುತ್ತಾರೆ.

ಆದರೂ ಒಂದು ಮಾತು. ಬಂದ ಮೊದಲ ವರ್ಷ ಈ ಊರು ನನಗೆ ಬೇಡವೇ ಬೇಡ ಅನ್ನಿಸಿತ್ತು. ತೆಂಗಿನ ತೋಟದಲ್ಲಿ ಬೆಳೆದವಳು ನಾನು, ಇಲ್ಲಿ ಮಿಲ್ಲಿನ ಸೈರನ್ ಕೂಗಿದರೆ ರಾತ್ರಿ ಎದ್ದು ಕೂರುತ್ತಿದ್ದೆ. ಆಮೇಲೆ ಆ ಸೈರನ್ ಕೇಳಿಯೇ ಅನ್ನಕ್ಕೆ ಇಡೋದು ರೂಢಿಯಾಯಿತು. ಮಿಲ್ಲು ಮುಚ್ಚಿದಾಗ ಊರಿನವರ ಜೊತೆ ನಾನೂ ಅತ್ತೆ. ಈಗ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಹೊಸದುರ್ಗದಿಂದ ಅಣ್ಣ ಅತ್ತಿಗೆ ಎಲ್ಲ ನಮ್ಮನೆಗೇ ಬರುತ್ತಾರೆ, ನಾನೇ ಇಲ್ಲಿಯವಳು ಅನ್ನೋ ಹಾಗೆ ಗುಡಿ, ಅಂಗಡಿ, ಯಾವ ಓಣಿಯಲ್ಲಿ ನೂಕುನುಗ್ಗಲು ಕಡಿಮೆ ಎಲ್ಲ ತೋರಿಸುತ್ತೇನೆ. ನಮ್ಮ ಬೆಣ್ಣೆ ದೋಸೆಯ ಕಥೆಯೂ ಹಾಗೇ ಅಲ್ವಾ. 1928ರ ಹೊತ್ತಿಗೆ ಚೆನ್ನಮ್ಮ ಅನ್ನುವ ಹೆಣ್ಣುಮಗಳು ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಇಲ್ಲಿಗೆ ಬಂದು, ನಾಟಕದ ಥಿಯೇಟರ್ ಹತ್ತಿರ ದೋಸೆ ಹಾಕೋಕೆ ಶುರು ಮಾಡಿದರು ಎಂದು ಹೇಳುತ್ತಾರೆ. ಊರಿನ ಹೆಸರು ಎಲ್ಲ ಕಡೆ ಹೊತ್ತುಕೊಂಡು ಹೋಗಿರುವುದು ಹೊರಗಿನಿಂದ ಬಂದವಳ ಹಂಚು! ಹೋದರೆ ಬೇರು ಬಿಡಲ್ಲ ಅಂತ ಹೆದರಬೇಡ, ಬಿಡುತ್ತೆ. ಲೋಟ ಕೆಳಗಿಟ್ಟರು ಅಂತ ಮಾತ್ರ ಹೋಗಬೇಡ.

ಗೃಹಿಣಿ, ವಿದ್ಯಾನಗರ, ದಾವಣಗೆರೆ

ನಾನು ದಾವಣಗೆರೆಯ ಹುಡುಗ, ಬೆಂಗಳೂರಿಗೆ ಬಂದು ಹನ್ನೆರಡು ವರ್ಷವಾಯಿತು. ಒಂದು ವಿಷಯ ಒಪ್ಪಿಕೊಳ್ಳುತ್ತೇನೆ. ಊರು ಬಿಟ್ಟವರೆಲ್ಲ ಧೈರ್ಯವಂತರು, ಉಳಿದವರು ಪುಕ್ಕಲರು ಅನ್ನೋದು ಸುಳ್ಳು. ನಾನು ಬಂದದ್ದು ಇಂಜಿನಿಯರಿಂಗ್ ಕ್ಲಾಸಿನ ಎಲ್ಲರೂ ಬಂದರು ಅಂತ. ರಾತ್ರಿ ಬಸ್ಸಿನಲ್ಲಿ ನನ್ನ ಹಿಂದೆ ಮುಂದೆ ಕೂತವರೆಲ್ಲ ಗೊತ್ತಿದ್ದವರೇ, ಇದರಲ್ಲಿ ಧೈರ್ಯ ಎಲ್ಲಿದೆ? ಎಲ್ಲರೂ ಹೋಗುವಾಗ ಹೋಗಲ್ಲ ಅನ್ನೋಕೆ ನನಗಿಂತ ಜಾಸ್ತಿ ಧೈರ್ಯ ಬೇಕು.

ಸಂಬಳದ ಲೆಕ್ಕ ನೀವೇ ಹಾಕಿ, ನಿಮ್ಮ ಕೆಲಸವೇ ಅದು. ಬಾಡಿಗೆ, ಅಡ್ವಾನ್ಸ್, ತಿಂಗಳಿಗೆ ಎರಡು ಸಲ ಊರಿಗೆ ಓಡಾಟ, ಎಲ್ಲ ಕಳೆದು ಉಳಿಯೋದೆಷ್ಟು ನೋಡಿ. 2023ರಲ್ಲಿ ವಂದೇ ಭಾರತ್ ಬಂದ ಮೇಲೆ ನಾಲ್ಕು ಗಂಟೆಯೊಳಗೆ ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿಯಬಹುದು, ಹಾಗಾಗಿ "ದೂರ" ಅನ್ನೋ ಮಾತು ಈಗ ಮೊದಲಿನ ಹಾಗಿಲ್ಲ. ಒಮ್ಮೊಮ್ಮೆ ಆಫೀಸಿನಿಂದ ಮನೆಗೆ ಹೋಗೋಕೇ ಎರಡು ಗಂಟೆ ಹಿಡಿಯುವ ಊರಿದು.

ಇನ್ನೊಂದು ಲಾಭ ಇದೆ, ಅದನ್ನು ಯಾರೂ ಹೇಳಲ್ಲ. ಇಲ್ಲಿ ಹನ್ನೆರಡು ವರ್ಷದಲ್ಲಿ ಯಾರೂ ನನ್ನನ್ನು "ನೀವು ಯಾರ ಪೈಕಿ?" ಎಂದು ಕೇಳಿಲ್ಲ. ದಾವಣಗೆರೆಯಲ್ಲಿ ಮಂಡಕ್ಕಿ ತಗೊಳ್ಳೋಕೆ ಹೋದರೂ ಕೇಳುತ್ತಾರೆ. ನನ್ನ ಅಕ್ಕ ಇಲ್ಲಿಗೆ ಬಂದ ಮೇಲೆ ಮೊದಲ ಸಲ ಒಬ್ಬಳೇ ಸಿನಿಮಾಗೆ ಹೋದಳು. ಊರಿನಲ್ಲಾಗಿದ್ದರೆ ಇಂಟರ್‌ವಲ್ ಮುಗಿಯುವಷ್ಟರಲ್ಲಿ ಅಮ್ಮನಿಗೆ ಫೋನ್ ಬಂದಿರುತ್ತಿತ್ತು. ನಿಮಗೆ ಇದು ಬೇಕಾ ಬೇಡವಾ ನನಗೆ ಗೊತ್ತಿಲ್ಲ. ಬೇಕಾಗಿದ್ದರೆ ಸಂಬಳಕ್ಕಿಂತ ಇದೇ ದೊಡ್ಡದು.

ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಮೇಡಮ್ಮೋರೆ, ನಾನು ಎಪಿಎಂಸಿಯಲ್ಲಿ ದಲಾಲಿ ಅಂಗಡಿ ಇಟ್ಟವನು. ಮದುವೆ ವಿಷಯ ನನಗೆ ಬೇಡ, ಕೆಲಸದ್ದು ಮಾತ್ರ ಹೇಳುತ್ತೇನೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ನಮ್ಮಂಥವರಿಗೆ ಲೆಕ್ಕ ನೋಡುವವರು ಸಿಗೋದೇ ಕಷ್ಟವಾಗಿದೆ. ಓದಿದ ಹುಡುಗರು ಆರು ತಿಂಗಳು ಕಲಿತು ಬೆಂಗಳೂರು ಬಸ್ಸು ಹತ್ತುತ್ತಾರೆ, ಮತ್ತೆ ಹೊಸಬನಿಗೆ ಮೊದಲಿನಿಂದ ಹೇಳಿಕೊಡಬೇಕು. ಮೆಕ್ಕೆಜೋಳ ಬರುವ ಹಂಗಾಮಿನಲ್ಲಿ ಯಾವ ಅಂಗಡಿಯವನು ಬಿಲ್ ಯಾವಾಗ ತಂದುಕೊಡುತ್ತಾನೆ, ಯಾರಿಗೆ ಎರಡು ಸಲ ಫೋನ್ ಮಾಡಬೇಕು, ಯಾರ ಮನೆಗೇ ಹೋಗಿ ಕೂರಬೇಕು, ಇದೆಲ್ಲ ನಿಮಗೆ ಗೊತ್ತಿರುತ್ತೆ. ಬೆಂಗಳೂರಿನಲ್ಲಿ ಈ ವಿದ್ಯೆಗೆ ಬೆಲೆ ಇಲ್ಲ, ಇಲ್ಲಿ ಇದೆ.

ಬೇರೆಯವರ ಆಫೀಸಿನಲ್ಲೇ ಯಾಕಿರಬೇಕು? ಜಿಎಸ್‌ಟಿ ಪ್ರಾಕ್ಟೀಷನರ್ ಆಗೋಕೆ ಸಿ.ಎ. ಆಗಿರಲೇಬೇಕು ಅಂತೇನಿಲ್ಲ. ಕಾಮರ್ಸ್ ಪದವಿ ಇದ್ದರೆ ಪೋರ್ಟಲ್ಲಿನಲ್ಲಿ ಹೆಸರು ನೋಂದಾಯಿಸಿ ಪರೀಕ್ಷೆ ಪಾಸು ಮಾಡಿದರೆ ಆಯಿತು. ಒಂದು ಸಣ್ಣ ರೂಮು, ಒಂದು ಕಂಪ್ಯೂಟರ್, ಸಾಕು. ಊರಿನಲ್ಲಿ ಉಳಿಯುವುದಾದರೆ ನಿಮ್ಮದು ಅಂತ ಏನಾದರೂ ಇಟ್ಟುಕೊಂಡು ಉಳಿಯಿರಿ. ಸಂಬಳಕ್ಕಿದ್ದರೆ ಯಾರು ಬೇಕಾದರೂ "ಬಿಟ್ಟು ಬಾ" ಅನ್ನುತ್ತಾರೆ, ಬೋರ್ಡ್ ಹಾಕಿದ ಮೇಲೆ ಹಾಗನ್ನೋಕೆ ಸ್ವಲ್ಪ ಯೋಚಿಸುತ್ತಾರೆ.

ವ್ಯಾಪಾರಿ, ದಾವಣಗೆರೆ

ನಮ್ಮೂರು ಹರಪನಹಳ್ಳಿ. ನಾನು ಊರು ಬಿಟ್ಟು ಕದಲಿದವನಲ್ಲ. ಆದರೂ ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದೆ, 1997ರಲ್ಲಿ ದಾವಣಗೆರೆ ಜಿಲ್ಲೆಯವನಾದೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಕುಂತಲ್ಲೇ ಇಷ್ಟು ಊರು ತಿರುಗಿದ್ದೇನೆ. ನೀವು ಸುಮ್ನೆ ಇರಿ ತಂಗ್ಯಮ್ಮ, ಏನೂ ಆಗಲ್ಲ.

ಕಿರಾಣಿ ಅಂಗಡಿಯವ, ಹರಪನಹಳ್ಳಿ

ನಾನು ಹಿರಿಯೂರಿನವನು, ಇರುವುದು ಬೆಂಗಳೂರು. ಊರಿಗೆ ಬರೀ 160 ಕಿಲೋಮೀಟರ್. ಇಷ್ಟು ಹತ್ತಿರ ಇದ್ದದ್ದೇ ನನ್ನ ಸಮಸ್ಯೆ, ಯಾವಾಗ ಬೇಕಾದರೂ ಹೋಗಬಹುದು ಅಂತ ಹೋಗದೇ ಉಳಿಯುತ್ತಿದ್ದೆ.

ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ನಮ್ಮ ತಾತ ಅದನ್ನು ನೋಡಿದ್ದರು. ಅಪ್ಪನಿಗೆ ಅದು ಬರೀ ಕಥೆ. ಅವರ ಕಾಲದಲ್ಲಿ ಅಣೆಕಟ್ಟಿನ ತಳದ ಕೆಸರು ಒಡೆದು ಬಿರುಕು ಬಿಟ್ಟಿದ್ದನ್ನೇ ಜಾಸ್ತಿ ನೋಡಿದ್ದು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಆದ ಮೇಲೆ, ಕೋಡಿ ಬಿತ್ತು. ಅಪ್ಪ ಫೋನ್ ಮಾಡಿ "ಬಾರೋ, ನೋಡ್ಕೊಂಡು ಹೋಗು, ಜನ ಜಾತ್ರೆ ಜಾತ್ರೆ" ಅಂದರು. ಆ ವಾರ ಆಫೀಸಿನಲ್ಲಿ ಏನೋ ರಿಲೀಸ್ ಇತ್ತು. ಏನು ರಿಲೀಸ್ ಅಂತ ಈಗ ನೆನಪೂ ಇಲ್ಲ. ವಿಡಿಯೊ ಕಳಿಸಪ್ಪ ಅಂದೆ. ಅಪ್ಪನಿಗೆ ವಿಡಿಯೊ ತೆಗೆಯೋಕೆ ಬರುತ್ತಿರಲಿಲ್ಲ, ಯಾರದೋ ಕೈಯಲ್ಲಿ ತೆಗೆಸಿ ಕಳಿಸಿದರು. ಅದರಲ್ಲಿ ನೀರಿಗಿಂತ ಜಾಸ್ತಿ ಅಪ್ಪನ ಹೆಗಲೇ ಕಾಣುತ್ತದೆ.

2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಆಗ ಹೋದೆ. ಅಪ್ಪ ಇರಲಿಲ್ಲ.

ನೀವು ಇರಿ ಅಂತಲೂ ಹೇಳಲ್ಲ, ಹೋಗಿ ಅಂತಲೂ ಹೇಳಲ್ಲ. ಹೋಗುವುದಾದರೆ, ಅಪ್ಪ ಅಮ್ಮ ಬಾ ಅಂದ ದಿನ ರಜೆ ಕೊಡುವ ಕೆಲಸಕ್ಕೆ ಹೋಗಿ.

ಹಿರಿಯೂರಿನ ಮಗ

ಹೆದರಿಕೆನಾ ಇಷ್ಟಾನಾ ಅಂತ ಕೇಳಿದ್ದೀರಿ. ಉಳಿದವರು ಆ ಪ್ರಶ್ನೆಯನ್ನು ದಾಟಿ ಹೋಗಬಹುದು, ನನಗೆ ಆಗಲ್ಲ. ನನಗೆ 47. ಚಿತ್ರದುರ್ಗದ ಕೋಟೆಯ ಬುಡದಲ್ಲೇ ಮನೆ. ಅಪ್ಪ ಅಮ್ಮನನ್ನು ನೋಡಿಕೊಳ್ಳಬೇಕು ಅಂತ ಉಳಿದೆ, ಮೈಸೂರಿನಲ್ಲಿ ಸಿಕ್ಕಿದ್ದ ಕೆಲಸ ಬಿಟ್ಟೆ. ಎಲ್ಲರೂ ಒಳ್ಳೆ ಮಗಳು ಅಂದರು. ಇಬ್ಬರೂ ಹೋದ ಮೇಲೆ ಒಂದು ದಿನ ಕೂತು ಯೋಚಿಸಿದಾಗ ಗೊತ್ತಾಯಿತು, ಅವರು ನನ್ನನ್ನು ಉಳಿಯೋಕೆ ಹೇಳಿಯೇ ಇರಲಿಲ್ಲ. ಅಪ್ಪ "ಹೋಗಮ್ಮ, ನಾವಿರ್ತೀವಿ" ಅಂದಿದ್ದರು. ಹೊಸ ಜಾಗ, ಹೊಸ ಜನ, ನನಗೇ ಭಯವಿತ್ತು. ಆ ಭಯಕ್ಕೆ ಅಪ್ಪ ಅಮ್ಮನ ಹೆಸರು ಇಟ್ಟಿದ್ದೆ. ಏಳು ಸುತ್ತಿನ ಕೋಟೆ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಮನೆ ಬಾಗಿಲಲ್ಲೇ ಇದ್ದೂ ನಾನು ಒಳಗೆ ಹೋಗಿ ಎಷ್ಟು ವರ್ಷವಾಯಿತೋ. ಕೊನೆಗೆ ಹೋದದ್ದು ಮೈಸೂರಿನ ಗೆಳತಿ ಬಂದಿದ್ದಳು ಅಂತ.

ಒಂದು ವರ್ಷ ಹೋಗಿ ಬನ್ನಿ ಅಂತ ನನ್ನ ಸಲಹೆ. ಮದುವೆಗಾಗಿ ಅಲ್ಲ, ಒಬ್ಬರೇ. ಮದುವೆಯಾಗಿ ಹೋದರೆ ವಾಪಸ್ ಬರೋದನ್ನು ಇನ್ನೊಬ್ಬರು ತೀರ್ಮಾನ ಮಾಡುತ್ತಾರೆ. ಒಬ್ಬರೇ ಹೋಗಿ, ಆಮೇಲೂ ದಾವಣಗೆರೆಯೇ ಬೇಕು ಅನ್ನಿಸಿದರೆ ಆಗ ಯಾರ ಲೋಟದ ಕಡೆಯೂ ನೋಡಬೇಕಾಗಿಲ್ಲ.

ಹೆಸರು ಬೇಡ, ಚಿತ್ರದುರ್ಗ

ಬೇರೆಯವರ ಪತ್ರಗಳನ್ನು ನಾನು ನೋಡಿಲ್ಲ, ಎಲ್ಲರೂ ಬೆಂಗಳೂರನ್ನೇ ಬರೆದಿರುತ್ತಾರೆ ಅಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಶಿಕ್ಷಕಿ. ಮಳೆ ಕೈಕೊಟ್ಟ ವರ್ಷ ಇಲ್ಲಿಂದ ಜನ ಕಾಫಿ ತೋಟದ ಕೆಲಸಕ್ಕೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಒಂದೊಂದೇ ಹೆಸರಿನ ಮುಂದೆ ಗೈರು ಬೀಳುತ್ತಾ ಹೋಗುತ್ತದೆ. ಹೋಗುವಾಗ ಮಕ್ಕಳು ಪುಸ್ತಕ ತಂದು ನನ್ನ ಹತ್ತಿರ ಇಟ್ಟು ಹೋಗುತ್ತವೆ, "ಮಿಸ್, ಬಂದ ಮೇಲೆ ತಗೋತೀನಿ" ಅಂತ. ಹೋಗುವ ಯಾರಿಗೂ ಊರು ಬೇಡವಾಗಿಲ್ಲ. ನಿಮ್ಮ ಕಷ್ಟ ಸಣ್ಣದು ಅಂತ ಹೇಳೋಕೆ ಇದನ್ನು ಬರೆದಿಲ್ಲ. ಇರಬೇಕಾ ಬೇಡವಾ ಅಂತ ನಿಮ್ಮನ್ನು ಕೇಳುತ್ತಿದ್ದಾರಲ್ಲ, ಅವಸರವಿಲ್ಲದೆ ಉತ್ತರ ಕೊಡಿ.

ಶಿಕ್ಷಕಿ, ಜಗಳೂರು ತಾಲ್ಲೂಕು

ನಿಮ್ಮ ಪತ್ರ ಓದಿ ಜೋರಾಗಿ ನಕ್ಕುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನದು ನಿಮ್ಮದರ ಉಲ್ಟಾ. ನನಗೆ 32, ದಾವಣಗೆರೆಯಲ್ಲೇ ಮೋಟಾರು ರಿವೈಂಡಿಂಗ್ ಅಂಗಡಿ, ಬೋರ್‌ವೆಲ್ ಮೋಟಾರು ಸುಟ್ಟವರೆಲ್ಲ ನಮ್ಮಲ್ಲಿಗೇ ಬರುತ್ತಾರೆ, ಬೇಸಿಗೆಯಲ್ಲಿ ಊಟಕ್ಕೂ ಬಿಡುವಿರಲ್ಲ. ಸ್ವಂತ ಮನೆ ಇದೆ. ಆದರೆ ಹೆಣ್ಣಿನ ಕಡೆಯವರು ಮೊದಲು ಕೇಳುವುದೇ "ಹುಡುಗ ಬೆಂಗಳೂರಿನಲ್ಲಿದ್ದಾನಾ?" ಅಂತ. ಇಲ್ಲ ಅಂದರೆ ಜಾತಕ ವಾಪಸ್. ಒಬ್ಬರಂತೂ ಮನೆಗೇ ಬಂದು, ಮಂಡಕ್ಕಿ ಒಗ್ಗರಣೆ ಮಿರ್ಚಿ ಎಲ್ಲ ಚೆನ್ನಾಗಿ ತಿಂದು, "ಬೆಂಗಳೂರಿಗೆ ಅಂಗಡಿ ಶಿಫ್ಟ್ ಮಾಡೋಕೆ ಆಗುತ್ತಾ?" ಅಂದರು. ಬೋರ್‌ವೆಲ್ ಮೋಟಾರು ಹೊತ್ತುಕೊಂಡು ಹೊನ್ನಾಳಿಯ ರೈತ ಬೆಂಗಳೂರಿಗೆ ಬರ್ತಾನೇನ್ರಿ?

ಅಂದರೆ ಹುಡುಗಿಯರ ಅಪ್ಪಂದಿರು ಬೆಂಗಳೂರು ಬೇಕು ಅನ್ನುತ್ತಾರೆ, ಬೆಂಗಳೂರಿನ ಹುಡುಗರಿಗೆ ಊರಿನ ಹುಡುಗಿ ಬೇಕು, ಇಲ್ಲೇ ಇರ್ತೀನಿ ಅನ್ನುವ ಹುಡುಗಿಯರು ಎಲ್ಲೂ ಇಲ್ಲ ಅಂತ ದಲ್ಲಾಳಿಗಳು ನಮಗೆ ಹೇಳುತ್ತಿದ್ದರು. ಒಬ್ಬರಾದರೂ ಇದ್ದಾರೆ ಅಂತ ಈಗ ಗೊತ್ತಾಯಿತು. ಬೆಳಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡೆಯುವಾಗ ನನಗೆ ಈ ಊರು ಬಿಟ್ಟು ಬೇರೆ ಏನೂ ಬೇಡ ಅನ್ನಿಸುತ್ತದೆ, ಹತ್ತು ಗಂಟೆಗೆ ಹೈವೇ ಸರ್ವೀಸ್ ರಸ್ತೆಯ ಧೂಳು ಕುಡಿಯುವಾಗ ಯಾವ ಊರಾದರೂ ಸರಿ ಅನ್ನಿಸುತ್ತದೆ. ನಿಮಗೂ ಹಾಗೇ ಇರಬಹುದು.

ಇದು ಸಂಬಂಧ ಕೇಳಿ ಬರೆದ ಪತ್ರ ಅಲ್ಲ, ಸುಮ್ನೆ ಬರೆದೆ. ನಮ್ಮಮ್ಮ ಮಾತ್ರ ನಿಮ್ಮ ಪತ್ರ ಓದಿಸಿಕೊಂಡು ಕೇಳಿ, "ಆ ಹುಡುಗಿ ಯಾರ ಪೈಕಿ?" ಅಂತ ಎರಡು ಸಲ ಕೇಳಿದರು.

ಅಂಗಡಿಯವ, ಹಳೇ ದಾವಣಗೆರೆ