ಗ್ಯಾಸ್ ಬರ್ತಿದೆ, ಆದರೂ ಬೀಡ್ ತುಂಬ ತೂತು (ಮಿಗ್ ವೆಲ್ಡಿಂಗ್, ಕಾರವಾರ)

ಕಾಳಿದಂಡೆ: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. 200 ಆಂಪಿಯರ್ ಇನ್ವರ್ಟರ್ ಮಿಗ್ (ಗ್ಯಾಸಿನ ಹೊದಿಕೆಯಲ್ಲಿ ವೈರ್ ಕರಗಿಸಿ ಬೆಸೆಯುವ ಮಷಿನ್), 0.8 ಎಂಎಂ ಇಆರ್70ಎಸ್-6 ಉಕ್ಕಿನ ವೈರ್, 2 ಎಂಎಂ ಚೌಕ ಪೈಪಿನ ಗೇಟು. ಟ್ರಿಗರ್ ಒತ್ತಿದರೆ ನಾಝಲ್‌ನಲ್ಲಿ ಸುಯ್ ಅಂತ ಗ್ಯಾಸ್ ಕೇಳಿಸುತ್ತೆ. ಆದರೂ ಬೀಡ್ (ಬೆಸುಗೆಯ ಗೆರೆ) ಮೇಲೆ ಸೂಜಿ ಚುಚ್ಚಿದ ಹಾಗೆ ತೂತು, ಗ್ರೈಂಡರ್ ಹಿಡಿದರೆ ಒಳಗೆಲ್ಲ ನೀರುದೋಸೆ. ಫ್ಲೋ ಜಾಸ್ತಿ ಮಾಡಿದಷ್ಟೂ ಕೆಡ್ತಿದೆ. ಸಿಲಿಂಡರ್ ತಂದು ವಾರ ಆಗಿಲ್ಲ. ಏನು ಮಾಡಲಿ?

ಶಿರಸಿಪೇಟೆ: ರೆಗ್ಯುಲೇಟರಿಗೆ ಹೀಟರ್ ಹಾಕಿದ್ದೀರಾ? ಸಿಒ2 ಸಿಲಿಂಡರ್ ಒಳಗೆ ದ್ರವವಾಗಿ ಇರೋದು. ಆವಿಯಾಗುವಾಗ, ರೆಗ್ಯುಲೇಟರಿನಲ್ಲಿ ಹಿಗ್ಗುವಾಗ ಶಾಖ ಎಳೆದುಕೊಂಡು ಒಳಗಿನ ಸಣ್ಣ ದಾರಿಯಲ್ಲಿ ಹಿಮ ಕಟ್ಟುತ್ತೆ. ಹೀಟರ್ ಆನ್ ಮಾಡಿ ಐದು ನಿಮಿಷ ಬಿಟ್ಟು ಶುರು ಮಾಡಿ. ಅದರ ವೋಲ್ಟೇಜ್ ಓದಿಕೊಳ್ಳಿ, 36 ವೋಲ್ಟಿನದನ್ನು 230ಕ್ಕೆ ಚುಚ್ಚಿದರೆ ಸುಟ್ಟುಹೋಗುತ್ತೆ.

ಚಿರೇಕಲ್ಲು, ಕುಮಟಾ: ಮೊದಲು ಲೀಕ್ ನೋಡಿ. ಸಿಲಿಂಡರ್ ತೆರೆದು ಪ್ರೆಶರ್ ಬಂದ ಮೇಲೆ ವಾಲ್ವ್ ಮುಚ್ಚಿ, ಟ್ರಿಗರ್ ಮುಟ್ಟದೆ ಐದು ನಿಮಿಷ ಬಿಡಿ. ಮುಳ್ಳು ಇಳಿದರೆ ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ. ಟಾರ್ಚ್ (ಕೈಯಲ್ಲಿ ಹಿಡಿಯುವ ಗನ್) ಮಷಿನ್‌ಗೆ ಕೂಡುವಲ್ಲಿ ಇರುವ ಓ-ರಿಂಗ್ ಹರಿದಿದ್ದರೂ ಹೀಗೇ ಆಗುತ್ತೆ; ಅದು ಟ್ರಿಗರ್ ಒತ್ತಿದಾಗ ಮಾತ್ರ ಸೋರುತ್ತೆ, ಮುಳ್ಳಿಗೆ ಸಿಗುವುದಿಲ್ಲ.

ಶಿರಸಿಪೇಟೆ: ಲೀಕ್ ಅಲ್ಲ, ಹೀಟರೇ. ರೆಗ್ಯುಲೇಟರ್ ಮುಟ್ಟಿ ನೋಡಿ, ಬೆವರಿರುತ್ತೆ. ಗೇಜ್ ನಂಬಬೇಡಿ. 30 ಡಿಗ್ರಿ ಸೆಕೆಯಲ್ಲಿ ಸಿಒ2 ಸುಮಾರು 72 ಬಾರ್ ತೋರಿಸುತ್ತೆ, ದ್ರವ ಮುಗಿಯುವ ತನಕ ಹಾಗೇ ನಿಂತಿರುತ್ತೆ. ಎಷ್ಟು ಉಳಿದಿದೆ ಅಂತ ತೂಕ ಹಾಕಿಯೇ ತಿಳಿಯಬೇಕು.

ಕಾಳಿದಂಡೆ: ಸಿಒ2 ಅಲ್ಲ. ಮಿಕ್ಸ್, ಆರ್ಗಾನ್ 80, ಸಿಒ2 20. ಗೇಜ್ 120 ಬಾರ್ ಇದೆ. ಸೋಪ್ ಹಚ್ಚಿದೆ, ಗುಳ್ಳೆ ಇಲ್ಲ. ಓ-ರಿಂಗ್ ಹೊಸದು.

ಚಿರೇಕಲ್ಲು, ಕುಮಟಾ: ಅದನ್ನ ಮೊದಲೇ ಹೇಳಬೇಕಲ್ಲ ಮಾರಾಯ್ರೆ! ಆರ್ಗಾನ್ ಮಿಕ್ಸ್‌ನಲ್ಲಿ ದ್ರವವೇ ಇಲ್ಲ, ಹೀಟರ್ ಬೇಡ.

ಶಿರಸಿಪೇಟೆ: ಗೇಟಿಗೆ ಮಿಕ್ಸ್ ಯಾಕೆ? ದುಡ್ಡು ದಂಡ. ಸಿಒ2 ಆಳಕ್ಕೆ ಇಳಿಯುತ್ತೆ.

ಚಿರೇಕಲ್ಲು, ಕುಮಟಾ: 2 ಎಂಎಂ ಪೈಪಿಗೆ ಎಷ್ಟು ಆಳ ಬೇಕು? ಸಿಒ2ಗೆ ಒಂದೆರಡು ವೋಲ್ಟ್ ಜಾಸ್ತಿ ಕೊಡಬೇಕು, ಕಿಡಿಯ ಗುಂಡು ಕೆರೆಯುವುದರಲ್ಲಿ ಅರ್ಧ ದಿನ ಹೋಗುತ್ತೆ.

ಗಂಗಾವಳಿ, ಅಂಕೋಲಾ: ಗ್ಯಾಸಿನ ಜಗಳ ಆಮೇಲೆ. ಕಾಳಿದಂಡೆಯವರೇ, ಫ್ಲೋ ನಿಮಿಷಕ್ಕೆ ಎಷ್ಟು ಲೀಟರ್? ಎಷ್ಟು ಹೊತ್ತಿಗೆ ಕೆಲಸ? ಶೆಡ್ಡಿಗೆ ಗೋಡೆ ಯಾವ ಬದಿಗಿಲ್ಲ?

ಕಾಳಿದಂಡೆ: ಈಗ 25. ಪಡುವಣ ಬದಿ ತೆರೆದಿದೆ. ಬೆಳಗ್ಗೆ ಏಳಕ್ಕೆ ಹೊಡೆದದ್ದು ಚೆನ್ನಾಗಿತ್ತು. ಮಧ್ಯಾಹ್ನ ಮಷಿನ್ ಬಿಸಿಯಾಗಿ ಕೆಡ್ತಿದೆ ಅಂದುಕೊಂಡಿದ್ದೆ.

ಗಂಗಾವಳಿ, ಅಂಕೋಲಾ: ಮಷಿನ್ ಸರಿಯಾಗಿದೆ. ಮಧ್ಯಾಹ್ನ ಕಡಲ ಗಾಳಿ ಏಳುತ್ತೆ, ನಿಮ್ಮ ಶೆಡ್ ಅದಕ್ಕೆ ಬಾಯಿ ತೆರೆದು ನಿಂತಿದೆ. ಗಂಟೆಗೆ 8 ಕಿ.ಮೀ. ಗಾಳಿ ಸಾಕು ಮಿಗ್‌ನ ಗ್ಯಾಸ್ ಹೊದಿಕೆ ಹಾರಿಸಲು. ಅಷ್ಟು ಗಾಳಿಗೆ ತೆಂಗಿನ ಗರಿ ಕೂಡ ಜೋರಾಗಿ ಆಡುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ. ಇದಕ್ಕೆ ಫ್ಲೋ ಏರಿಸುವುದು ಎರಡನೇ ತಪ್ಪು. ಸಣ್ಣ ನಾಝಲ್‌ನಿಂದ 25 ಲೀಟರ್ ನುಗ್ಗಿದರೆ ಗ್ಯಾಸ್ ಮೆತ್ತಗೆ ಕೂರುವ ಬದಲು ಸುಳಿ ತಿರುಗುತ್ತೆ, ಪಕ್ಕದ ಗಾಳಿಯನ್ನ ಎಳೆದು ತಂದು ಕರಗಿದ ಲೋಹಕ್ಕೆ ಬೆರೆಸುತ್ತೆ. ಲೋಹ ಆ ಸಾರಜನಕ ಕುಡಿದು, ಗಟ್ಟಿಯಾಗುವಾಗ ಹೊರಗೆ ಬಿಡುತ್ತೆ. ನಿಮ್ಮ ತೂತು ಅದೇ.

12 ಲೀಟರ್‌ಗೆ ಇಳಿಸಿ. ಟ್ರಿಗರ್ ಒತ್ತಿಕೊಂಡೇ ಓದಿ, ಸುಮ್ಮನಿದ್ದಾಗಿನ ಅಂಕೆ ಲೆಕ್ಕಕ್ಕಿಲ್ಲ. ನಾಝಲ್ ಕಳಚಿ ಡಿಫ್ಯೂಸರಿನ (ಒಳಗೆ ಗ್ಯಾಸ್ ಹರಡುವ ಭಾಗ) ತೂತುಗಳಿಗೆ ಮೆತ್ತಿದ ಕಿಡಿ ತೆಗೆಯಿರಿ. ಎರಡು ಮುಚ್ಚಿದ್ದರೂ ಗ್ಯಾಸ್ ಒಂದೇ ಪಕ್ಕಕ್ಕೆ ಹೋಗುತ್ತೆ. ವೈರ್ ಹೊರಬರುವ ಟಿಪ್‌ನಿಂದ ಬೆಸೆಯುವ ಜಾಗಕ್ಕೆ 10-12 ಎಂಎಂ ಇರಲಿ, ಟಾರ್ಚ್ ತೀರಾ ಮಲಗಿಸಬೇಡಿ. ಪಡುವಣಕ್ಕೆ ತಗಡಿನ ಮರೆ ಕಟ್ಟಿ. ಪ್ಲಾಸ್ಟಿಕ್ ತಾಡಪತ್ರಿ ಬೇಡ, ಕಿಡಿಗೆ ಹತ್ತಿಕೊಳ್ಳುತ್ತೆ. ನಾಲ್ಕೂ ಬದಿ ಮುಚ್ಚಲೂಬೇಡಿ, ಆರ್ಗಾನ್ ಗಾಳಿಗಿಂತ ಭಾರ, ಕೆಳಗೆ ತುಂಬಿಕೊಂಡರೆ ಉಸಿರುಗಟ್ಟುತ್ತೆ.

ಕಾಳಿದಂಡೆ: ಮಧ್ಯಾಹ್ನ ಮೂರಕ್ಕೆ ಮರೆ ಇಟ್ಟು 12ರಲ್ಲಿ ಹೊಡೆದೆ. ಒಂದು ಅಡಿ ಉದ್ದ ಬೀಡ್, ಗ್ರೈಂಡ್ ಮಾಡಿದರೂ ಒಂದು ತೂತಿಲ್ಲ! ತುಂಬ ಉಪಕಾರ ಆಯ್ತು. ಕೀಲಿನ ಹತ್ತಿರ ಮಾತ್ರ ಇನ್ನೂ ಬರ್ತಿದೆ. ಕೀಲು ಜಿಐ (ಸತು ಲೇಪಿಸಿದ ಉಕ್ಕು).

ಗಂಗಾವಳಿ, ಅಂಕೋಲಾ: ಅದು ಗ್ಯಾಸ್ ಅಲ್ಲ, ಸತು. ಉಕ್ಕು ಕರಗುವ ಮೊದಲೇ ಸತು ಕುದಿದು ಬೀಡಿನೊಳಗಿಂದ ಹೊರಗೆ ನುಗ್ಗುತ್ತೆ. ಜೋಡಣೆಯ ಎರಡೂ ಕಡೆ 25 ಎಂಎಂ ಬರಿಯ ಉಕ್ಕು ಕಾಣುವ ತನಕ ಉಜ್ಜಿ. ಬಿಳಿ ಹೊಗೆ ಬಂದರೆ ಮುಖ ಬೇರೆ ಕಡೆ ಇಡಿ, ಜ್ವರ ಹಿಡಿಸುತ್ತೆ. ಉಜ್ಜಿದ ಜಾಗಕ್ಕೆ ಅದೇ ದಿನ ಝಿಂಕ್ ಪ್ರೈಮರ್ ಹಚ್ಚಿ, ಉಪ್ಪುಗಾಳಿ ರಾತ್ರಿ ಬೆಳಗಾಗುವುದರೊಳಗೆ ತುಕ್ಕು ತರುತ್ತೆ.

ಶಿರಸಿಪೇಟೆ: ಅದೇ ಪೈಪಿನ ಎರಡು ತುಂಡು ಸಿಒ2ದಲ್ಲಿ, ಎರಡು ಮಿಕ್ಸ್‌ನಲ್ಲಿ ಹೊಡೆದು ಅಡ್ಡ ಕೊಯ್ದು ಫೋಟೋ ಹಾಕಿ. ಆಳ ಎಷ್ಟು ಇಳಿದಿದೆ ಅಂತ ಎಲ್ಲರೂ ನೋಡಲಿ.

ಚಿರೇಕಲ್ಲು, ಕುಮಟಾ: ಹಾಕಲಿ. ಆದರೆ ಎರಡಕ್ಕೂ ಒಂದೇ ಆಂಪಿಯರ್ ಇರಬೇಕು, ಇಲ್ಲದಿದ್ದರೆ ಹೋಲಿಸಿ ಪ್ರಯೋಜನ ಇಲ್ಲ.