ಅಣ್ಣನ ಮಗನಿಗೆ ಗೇ ಪಾತ್ರ ಇರುವ ಹಳೆಯ ಸೈ-ಫೈ: ಯಾವುದು ಕೊಡಲಿ?

ಚಿಕ್ಕಪ್ಪ72: ಹುಡುಗನಿಗೆ 19. ತಾನು ಗೇ ಅಂತ ಮನೆಯಲ್ಲಿ ನನಗೊಬ್ಬನಿಗೇ ಹೇಳಿದ್ದಾನೆ. ಸೈ-ಫೈ ಹುಚ್ಚು ಜಾಸ್ತಿ. ಹುಟ್ಟುಹಬ್ಬಕ್ಕೆ 1980ಕ್ಕಿಂತ ಹಿಂದಿನದು ಒಂದು ಕೊಡೋಣ ಅಂತಿದ್ದೇನೆ. 600 ರೂಪಾಯಿ ಒಳಗೆ. ಓದಿದವರು ಹೇಳಿ.

ಗೆದ್ದಲು: ಡ್ಯೂನ್ ಮಾತ್ರ ಬೇಡ. ಪಿಯುಸಿಯಲ್ಲಿ ಓದಿದೆ. ಅಷ್ಟು ದಪ್ಪ ಪುಸ್ತಕದಲ್ಲಿ ನನ್ನಂಥವನು ಅಂತ ಸಿಕ್ಕವನು ಬ್ಯಾರನ್ ಹಾರ್ಕೊನೆನ್ ಒಬ್ಬನೇ. ಹುಡುಗರನ್ನು ಹಿಂಸಿಸುವ ರಾಕ್ಷಸ. ನಾಯಕ ಪಾಲ್ ಜೊತೆ ಮರಳುಗಾಡಿಗೆ ಹೊರಟಿದ್ದವನು ಬ್ಯಾರನ್ ಪಕ್ಕ ಕೂತ ಹಾಗಾಯಿತು. ಎರಡು ವರ್ಷ ಸೈ-ಫೈ ಮುಟ್ಟಲಿಲ್ಲ. ಪುಸ್ತಕವನ್ನು ರೂಮ್‌ಮೇಟ್‌ಗೆ 80ಕ್ಕೆ ಮಾರಿದೆ. ಅದರಲ್ಲಿ 50 ಇನ್ನೂ ಬರಬೇಕು.

ಹಿಮದಾರಿ: ಲೆ ಗುಯಿನ್ ಬರೆದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್, 1969. ಬೇರೆ ಮಾತೇ ಇಲ್ಲ. ನಾನು ಮೂರು ಸಲ ಕೊಂಡವಳು. ಮೊದಲನೆಯದು ಫುಟ್‌ಪಾತ್‌ನಲ್ಲಿ 120. ಭೂಮಿಯ ಗೆನ್ಲಿ, ಗೆಥೆನ್ ಗ್ರಹದ ಎಸ್ಟ್ರಾವೆನ್ ಇಬ್ಬರೂ ಹಿಮ ದಾಟುವ ಕಡೆ ಸರಿಯಾಗಿ 16 ಪುಟ ಇಲ್ಲ! ಎರಡನೆಯದು ಆನ್‌ಲೈನ್, 450. ಕೊರಿಯರ್‌ನವರು ಮಳೆಯಲ್ಲಿ ಕಾಂಪೌಂಡ್ ಒಳಗೆ ಎಸೆದು ಹೋದರು. ಹೇರ್ ಡ್ರೈಯರ್ ಹಿಡಿದೆ, ಹಪ್ಪಳದ ಹಾಗೆ ಉಬ್ಬಿತು. ಮೂರನೆಯದು 1,150. ಒಟ್ಟು 1,720. ಒಂದು ರೂಪಾಯಿಯೂ ದಂಡ ಅನಿಸಿಲ್ಲ.

ಗೆದ್ದಲು: ಮೇಡಂ, ಅದರಲ್ಲಿ ಗೇ ಪಾತ್ರ ಎಲ್ಲಿದೆ? ಗೆಥೆನ್‌ನವರು ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕೆಮ್ಮರ್, ಅಂದರೆ ಮೈಯಲ್ಲಿ ಕಾಮ ಏಳುವ ದಿನಗಳು, ಬಂದಾಗ ಜೋಡಿಯಲ್ಲಿ ಒಬ್ಬರು ಗಂಡು, ಇನ್ನೊಬ್ಬರು ಹೆಣ್ಣು. ಅವರನ್ನು ಹಾಗೆ ಗಂಡು-ಹೆಣ್ಣಿಗೇ ಕಟ್ಟಿಹಾಕಿದ್ದು ಬೇಕಿರಲಿಲ್ಲ ಅಂತ ಲೆ ಗುಯಿನ್ ಅವರೇ ಆಮೇಲೆ ಬರೆದಿದ್ದಾರೆ.

ಹಿಮದಾರಿ: ಹಿಮದ ನಡುವೆ ಆ ಟೆಂಟ್‌ನಲ್ಲಿ ಗೆನ್ಲಿ, ಎಸ್ಟ್ರಾವೆನ್ ಇಬ್ಬರೂ ಮುಟ್ಟದೆ ಕೂತಿದ್ದು ಪ್ರೀತಿ ಅಲ್ವಾ? ನಿಮಗೆ ಪಾತ್ರದ ಹಣೆ ಮೇಲೆ ಚೀಟಿ ಅಂಟಿಸಬೇಕೇನೋ.

ಗೆದ್ದಲು: ಹೌದು, ಬೇಕು. 17ರಲ್ಲಿ ಬೇಕೇಬೇಕಿತ್ತು.

ಹಳೇಬೈಂಡು: ಜಗಳ ಸಾಕು. ಸ್ಟರ್ಜನ್ ಅವರ ದಿ ವರ್ಲ್ಡ್ ವೆಲ್ ಲಾಸ್ಟ್ ಓದಿ. 1953ರ ಸಣ್ಣ ಕಥೆ. ಬೇರೆ ಗ್ರಹದಿಂದ ಓಡಿಬಂದ ಪ್ರೇಮಿಗಳನ್ನು ಭೂಮಿಯೆಲ್ಲ ಮುದ್ದಾಡುತ್ತದೆ. ಇಬ್ಬರೂ ಗಂಡು ಅಂತ ಗೊತ್ತಿರುವುದಿಲ್ಲ, ಅಷ್ಟೇ. ವಾಪಸ್ ಒಯ್ಯುವ ಹಡಗಿನಲ್ಲಿ ಗ್ರಂಟಿ ಅನ್ನುವವನಿಗೆ ತನ್ನ ಕ್ಯಾಪ್ಟನ್ ಮೇಲೇ ಪ್ರೀತಿ. ಬಾಯಿ ಬಿಡುವುದಿಲ್ಲ. ನಾನು ಬ್ಯಾಂಕಿನಲ್ಲಿ 31 ವರ್ಷ ಒಬ್ಬರ ಎದುರು ಟೇಬಲ್‌ನಲ್ಲಿ ಕೂತಿದ್ದೆ. ಗೇ ಸಂಬಂಧ ಅಪರಾಧವಲ್ಲ ಅನ್ನುವ 377 ತೀರ್ಪು ಬರುವ ಹೊತ್ತಿಗೆ, 2018ರಲ್ಲಿ, ಅವರು ರಿಟೈರ್ ಆಗಿ ಮೈಸೂರು ಸೇರಿದ್ದರು. ಪುಸ್ತಕಕ್ಕೆ ಎರಡು ಸಲ ಬೈಂಡ್ ಹಾಕಿಸಿದ್ದೇನೆ, 40 ಮತ್ತು 220. ಎರಡನೆಯವನು ಅಂಚು ಕತ್ತರಿಸುವಾಗ ಅಕ್ಷರಕ್ಕೂ ಕತ್ತರಿ ಹಾಕಿದ.

ರಾಕೆಟ್‌ರಾಮ: ಅಳುಮುಂಜಿ ಕಥೆ ಯಾಕೆ? ಹಾಲ್ಡೆಮನ್ ಅವರ ಫಾರೆವರ್ ವಾರ್ ಕೊಡಿ. ಭವಿಷ್ಯದಲ್ಲಿ ಎಲ್ಲರೂ ಗೇ, ನಾಯಕ ಮ್ಯಾಂಡೆಲಾ ಒಬ್ಬನೇ ವಿಚಿತ್ರ ಪ್ರಾಣಿ. ನಕ್ಕು ಸುಸ್ತಾದೆ.

ಗೆದ್ದಲು: ಕೊನೆಗೆ ಅವನ ಗೇ ಗೆಳೆಯ ಚಾರ್ಲಿಯನ್ನು ಹೆಣ್ಣಿಗೆ ಒಲಿಯುವ ಹಾಗೆ "ಸರಿ" ಮಾಡುವುದನ್ನು ಓದಿಯೂ ನಕ್ಕಿರಾ?

ರಾಕೆಟ್‌ರಾಮ: ಕೊನೆ ಹೇಳಿಬಿಟ್ಟರಲ್ಲ ಮಾರಾಯ್ರೆ!

ಹಿಮದಾರಿ: 50 ವರ್ಷದ ಹಳೆಯ ಪುಸ್ತಕಕ್ಕೆ ಎಂಥ ಗುಟ್ಟು?

ಚಿಕ್ಕಪ್ಪ72: ಸ್ಟರ್ಜನ್ ಕಥೆ ಯಾವ ಸಂಕಲನದಲ್ಲಿದೆ ಸರ್?

ಹಳೇಬೈಂಡು: ಇ ಪ್ಲೂರಿಬಸ್ ಯೂನಿಕಾರ್ನ್. ನನ್ನದು ಎರವಲು ಕೇಳಬೇಡಿ.

ಹಿಮದಾರಿ: ಅಕ್ಷರ ಕತ್ತರಿಸಿದ್ದನ್ನು ಯಾರು ಕೇಳುತ್ತಾರೆ!